ಪೊರಕೆ ಕಡ್ಡಿ ಹಿಡಿದು ರ‍್ಯಾಮ್ ಕೊಳ್ಳಲು ಹೋದದ್ದು

ಚಿನ್ನಿ, ಪುಟ್ಟು, ಇದನ್ನು ನೀವಿಬ್ಬರೂ ಬಾಗಿಲು ಹಾಕಿಕೊಂಡು ಓದಿ. ನಿಮ್ಮಮ್ಮನಿಗೆ ಆಮೇಲೆ ಕೊಟ್ಟರೂ ಆದೀತು. ನರಸೀಪುರದ ದೊಡ್ಡಜ್ಜಿಗೆ ಮಾತ್ರ ತೋರಿಸಬೇಡಿ. ಯಾಕೆ ಎಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.

ನಂಜನಗೂಡಿನ ಮನೆಯ ನಡುಮನೆಯಲ್ಲಿ, ದೇವರ ಗೂಡಿನ ಪಕ್ಕದ ಕಿಟಕಿಯ ಹತ್ತಿರ ಇರುವ ಕಂಪ್ಯೂಟರ್ ನಿಮಗೆ ಗೊತ್ತು. ಆ ಕಪ್ಪು ಪೆಟ್ಟಿಗೆಯನ್ನು ನಿಮ್ಮ ತಾತ ನರಸೀಪುರದಲ್ಲಿ ಗುಮಾಸ್ತರಾಗಿದ್ದಾಗ ಕೊಂಡದ್ದು. ಕಚೇರಿಗೆ ಕಂಪ್ಯೂಟರ್ ಬಂದಾಗ ಅವರಿಗೆ ಮೌಸ್ ಹಿಡಿದರೆ ಕೈ ನಡುಗುತ್ತಿತ್ತಂತೆ. ಕೈ ಪಳಗಲಿ ಎಂದು ಕಲಿಸುವವರು ಮೊದಲು ಅದರಲ್ಲಿದ್ದ ಇಸ್ಪೀಟಿನ ಆಟ ಆಡಿಸಿದರು. ಮನೆಯಲ್ಲೂ ಅಭ್ಯಾಸ ಮಾಡಬೇಕೆಂದು ತಾತ ಒಂದು ಕಂಪ್ಯೂಟರ್ ತಂದರು. ಸಂಜೆ ಅವರು ಆಡುತ್ತಿದ್ದರೆ ನಾನು ಹುರಳಿಕಾಯಿ ಸೋಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ. ಒಂದು ದಿನ ತಡೆಯಲಾರದೆ, ಆ ರಾಜನನ್ನು ಖಾಲಿ ಜಾಗಕ್ಕೆ ಎಳೆಯಿರಿ ಎಂದುಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ನನಗೆ ಇಸ್ಪೀಟು ಹೇಗೆ ಗೊತ್ತು ಎಂದು ನೀವೂ ಕೇಳುತ್ತೀರಿ. ಹೆಮ್ಮರಗಾಲದಲ್ಲಿ ನಮ್ಮಪ್ಪನ ಮನೆಯ ಜಗುಲಿಯಲ್ಲಿ ಗಂಡಸರು ಆಡುತ್ತಿದ್ದರು. ಹೆಣ್ಣುಮಕ್ಕಳು ಎಲೆ ಮುಟ್ಟುವ ಹಾಗಿರಲಿಲ್ಲ. ಆದರೆ ನೀರು ತಂದು ಕೊಡುವುದು ನನ್ನ ಕೆಲಸ. ಬಾಯಿ ಇಲ್ಲದ ಹುಡುಗಿ ಹಿಂದೆ ನಿಂತಿದ್ದರೆ ಯಾರೂ ಎಲೆ ಮುಚ್ಚಿಟ್ಟುಕೊಳ್ಳುವುದಿಲ್ಲ. ಊರಿನ ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚಿನ ಲೆಕ್ಕ ನಾನು ಆ ಜಗುಲಿಯಲ್ಲಿ ಕಲಿತೆ. ಅಂದಿನಿಂದ ತಾತ ಕಂಪ್ಯೂಟರಿನಲ್ಲಿ ಅರ್ಧ ಆಟ ನನಗೆ ಬಿಟ್ಟುಕೊಡುತ್ತಿದ್ದರು. ಮನೆಗೆ ಯಾರಾದರೂ ಬಂದರೆ, ಇವಳು ಕಂಪ್ಯೂಟರ್ ಕಲೀತಾ ಇದಾಳೆ ಎಂದು ಹೇಳಿ ನನ್ನ ಕಡೆ ನೋಡದೆ ಕೂರುತ್ತಿದ್ದರು.

ಅವರು ಹೋದ ಮೇಲೆ ನಾನು ನಂಜನಗೂಡಿಗೆ ಮಗನ ಮನೆಗೆ ಬಂದೆ. ಪೆಟ್ಟಿಗೆಯೂ ನನ್ನ ಜೊತೆ ಬಂತು. ಅದೇಕೆ ಎಂದು ಕೇಳಿದವರಿಗೆಲ್ಲ ದೇವರ ಹಾಡು ಕೇಳಲು ಎಂದೆ. ಸುಳ್ಳೇನಲ್ಲ. ಬೆಳಿಗ್ಗೆ ಸ್ನಾನ ಮುಗಿಸಿ ದೀಪ ಹಚ್ಚಿ ಇಂಟರ್ನೆಟ್ಟಿನಲ್ಲಿ ಹಾಡು ಹಾಕುತ್ತಿದ್ದೆ, ಬೀದಿಗೂ ಕೇಳುವಷ್ಟು ಜೋರಾಗಿ. ಹಾಡು ಅದರ ಪಾಡಿಗೆ ಹೋಗುತ್ತಿದ್ದರೆ ಅದರ ಮರೆಯಲ್ಲಿ ನಾನು ಇಸ್ಪೀಟು ತೆಗೆಯುತ್ತಿದ್ದೆ. ಪರದೆಯನ್ನು ಗೋಡೆಯ ಕಡೆಗೆ ಸ್ವಲ್ಪ ತಿರುಗಿಸಿದ್ದೆ, ಅಡುಗೆಮನೆಯಿಂದ ಕಾಣದ ಹಾಗೆ. ಅಡುಗೆಮನೆಯಲ್ಲಿ ನನ್ನ ಸೊಸೆ, ಅಂದರೆ ನಿಮ್ಮ ಅತ್ತೆ, ಚಪಾತಿ ಲಟ್ಟಿಸುತ್ತಾ ಹಾಡು ಗುನುಗುತ್ತಿದ್ದಳು. ಹೀಗೆ ಎಷ್ಟೋ ಕಾಲ ಯಾರಿಗೂ ತೊಂದರೆ ಇಲ್ಲದೆ ನಡೆಯಿತು.

ಆಮೇಲೆ ಪೆಟ್ಟಿಗೆಗೆ ವಯಸ್ಸಾಯಿತು. ಹಾಡು ಒಂದೇ ಇದ್ದರೆ ಹಾಡುತ್ತಿತ್ತು, ಇಸ್ಪೀಟು ಒಂದೇ ಇದ್ದರೆ ಆಡುತ್ತಿತ್ತು. ಎರಡನ್ನೂ ತೆಗೆದರೆ ನಾನು ರಾಣಿಯನ್ನು ಎಳೆಯುವಾಗ ಹಾಡು ಅರ್ಧ ಸಾಲಿನಲ್ಲಿ ಗಂಟಲು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಹಾಡು ನಿಂತರೆ ಸೊಸೆಯ ಲಟ್ಟಣಿಗೆಯ ಸದ್ದೂ ನಿಲ್ಲುತ್ತಿತ್ತು. "ಯಾಕತ್ತೆ, ಹಾಡು ನಿಂತೋಯ್ತು?" ಎಂದು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಎಲೆಗಳೂ ಪರದೆಯ ಮೇಲೆ ಹೆಪ್ಪುಗಟ್ಟಿ ನಿಂತಿರುತ್ತಿದ್ದವು, ಮುಚ್ಚೋಣ ಎಂದರೆ ಮುಚ್ಚುತ್ತಿರಲಿಲ್ಲ. ನಾನು ಎದ್ದು ನಿಂತು ಸೆರಗನ್ನು ಪರದೆಯ ಮೇಲೆ ಹರಡಿ ಒರೆಸಲು ಶುರು ಮಾಡುತ್ತಿದ್ದೆ. ಆ ದಿನಗಳಲ್ಲಿ ಮನೆಯಲ್ಲಿ ನಮ್ಮ ಪರದೆಯಷ್ಟು ಚೊಕ್ಕಟವಾದ ವಸ್ತು ಇನ್ನೊಂದಿರಲಿಲ್ಲ.

ಅಷ್ಟರಲ್ಲಿ ಟೀವಿಯ ಮಾತು ಬಂತು. ಮಗ ಹೊಸ ಟೀವಿ ನೋಡಿದ್ದ. ಹಳೆಯ ಎಲೆಕ್ಟ್ರಿಕ್ ಸಾಮಾನು ಯಾವುದನ್ನೇ ಕೊಟ್ಟರೂ ಎಕ್ಸ್‌ಚೇಂಜ್ ಎಂದು ಅಂಗಡಿಯವರು ಹೇಳಿದ್ದರಂತೆ. ಸೊಸೆ ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಾಳಲ್ಲ, ಆ ಕಿಟಕಿಯ ಬೆಳಕಿನಲ್ಲಿ ತನ್ನ ಹೊಲಿಗೆ ಯಂತ್ರ ಇಟ್ಟುಕೊಂಡರೆ ಸೂಜಿಗೆ ದಾರ ಪೋಣಿಸುವುದು ಸುಲಭ ಎಂದಳು. ನಿಂತು ನಿಂತು ಹಾಡುವ ಪೆಟ್ಟಿಗೆಯಿಂದ ಏನುಪಯೋಗ, ಹಾಡನ್ನು ಮೊಬೈಲಿನಲ್ಲಿ ಹಾಕಿಕೊಡುತ್ತೇನೆ ಎಂದು ಮಗನೂ ದನಿಗೂಡಿಸಿದ. ಕೊನೆಗೆ ಆದ ತೀರ್ಮಾನ ಇದು: ಟೀವಿ ತರುವ ಭಾನುವಾರದೊಳಗೆ ಹಾಡು ನಿಲ್ಲದೆ ಬಂದರೆ ಪೆಟ್ಟಿಗೆ ಇರಲಿ, ಇಲ್ಲದಿದ್ದರೆ ಎಕ್ಸ್‌ಚೇಂಜ್. ನಾನು ಹೂಂ ಎಂದೆ. ನನಗೆ ಬೇಕು ಎಂದು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ಹೇಳಿದರೆ ಯಾಕೆ ಬೇಕು ಎಂದು ಕೇಳುತ್ತಾರಲ್ಲ.

ಚಿನ್ನಿ, ಆಗ ನಿನ್ನ ಮಾತು ನೆನಪಾಯಿತು. ದಸರಾ ರಜೆಯಲ್ಲಿ ಬಂದಿದ್ದಾಗ ನೀನು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ ಧೂಳು ಊದಿದೆ. ಒಳಗೆ ನಿಂತಿದ್ದ ಹಸಿರು ಪಟ್ಟಿಯೊಂದನ್ನು ತೋರಿಸಿ, ಇದು ರ‍್ಯಾಮ್, ಇದು ಸಾಲದ್ದಕ್ಕೇ ಎರಡು ಕೆಲಸ ಒಟ್ಟಿಗೆ ಮಾಡಲಾರದು, ಪಕ್ಕದ ಖಾಲಿ ಸಂದಿಯಲ್ಲಿ ಇನ್ನೊಂದು ಹಾಕಿದರೆ ಸರಿಹೋಗುತ್ತದೆ ಎಂದೆ. ಸಿಕ್ಕಿದ್ದನ್ನು ಹಾಕುವ ಹಾಗಿಲ್ಲ, ಇದಕ್ಕೆ ಹೊಂದಬೇಕು ಎಂದೂ ಹೇಳಿದೆ. ಹೊಂದಿಸುವುದು ನನಗೆ ಹೊಸದಲ್ಲ. ಸೊಸೆ ನನ್ನನ್ನು ಮ್ಯಾಚಿಂಗ್ ಅಂಗಡಿಗೆ ಕಳಿಸುತ್ತಾಳೆ. ನಾನು ಸೀರೆಯ ಅಂಚನ್ನು ಮುಂದಕ್ಕೆ ಚಾಚುತ್ತೇನೆ, ಅಂಗಡಿಯವನು ಬಟ್ಟೆ ಇಳಿಸುತ್ತಾನೆ, ಹೊರಗೆ ಬಿಸಿಲಿಗೆ ತಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇನೆ, ತಲೆಯಾಡಿಸುತ್ತೇನೆ. ಒಂದು ಮಾತೂ ಬೇಕಾಗಿಲ್ಲ.

ಆದರೆ ಇದ್ದ ಒಂದೇ ಪಟ್ಟಿಯನ್ನು ಕೀಳಲು ಧೈರ್ಯ ಬರಲಿಲ್ಲ. ಗಟ್ಟಿಯಾಗಿರುವ ಹಲ್ಲನ್ನು ಕಿತ್ತ ಹಾಗೆ ಅನ್ನಿಸಿತು. ನಾನು ಚಿಕ್ಕವಳಿದ್ದಾಗ ಅಪ್ಪ ನನ್ನ ಕಾಲಿನ ಅಳತೆಗೆ ಪೊರಕೆ ಕಡ್ಡಿ ಮುರಿದು ಜೇಬಿನಲ್ಲಿಟ್ಟುಕೊಂಡು ನಂಜನಗೂಡಿನಿಂದ ಚಪ್ಪಲಿ ತರುತ್ತಿದ್ದ. ನಾನೂ ಹಾಗೇ ಮಾಡಿದೆ. ತೆಂಗಿನ ಕಡ್ಡಿಯನ್ನು ಖಾಲಿ ಸಂದಿಯಲ್ಲಿ ಮಲಗಿಸಿ ಎರಡು ತುದಿಯನ್ನೂ ಕತ್ತರಿಸಿದೆ. ಸಂದಿಯ ಒಳಗೆ ಒಂದು ಕಡೆ ಸಣ್ಣ ಗೋಡೆಯಂಥದ್ದು ಇರುತ್ತದೆ, ಪಟ್ಟಿಯ ಕಚ್ಚು ಅದರ ಮೇಲೆ ಕೂರಬೇಕು. ಕಡ್ಡಿಯಲ್ಲಿ ಆ ಜಾಗಕ್ಕೆ ಈಳಿಗೆಯಿಂದ ಗೀರು ಹಾಕಿ ಅರಿಶಿನ ಹಚ್ಚಿದೆ.

ಪೇಟೆಯ ಕಂಪ್ಯೂಟರ್ ಅಂಗಡಿಯ ಮುಂದೆ ಹಾದು ಹೂವಿನವಳ ತನಕ ಹೋದೆ, ಬೇಡದ ಹೂವು ಕೊಂಡೆ, ತಿರುಗಿ ಬಂದೆ. ಒಳಗೆ ಗಂಡಸರೇ ನಿಂತಿದ್ದರು. ಅವರೆಲ್ಲ ಹೋಗುವ ತನಕ ಕಾದು ಕಡ್ಡಿಯನ್ನು ಮೇಜಿನ ಮೇಲಿಟ್ಟೆ. ಅಂಗಡಿಯವನು ಅದನ್ನು ನೋಡಿ, ಊದಿನಕಡ್ಡಿ ಮುಂದಿನ ಅಂಗಡೀಲಿ ಸಿಗುತ್ತೆ ಅಮ್ಮ ಎಂದ. ನಾನು ನೆಲ ನೋಡಿಕೊಂಡು, ಇದು ನಮ್ಮ ರ‍್ಯಾಮಿನ ಅಳತೆ ಎಂದೆ. ಅವನು ನಗು ತಡೆದುಕೊಂಡದ್ದು ನನಗೆ ಗೊತ್ತಾಯಿತು. ಆದರೂ ಕಡ್ಡಿಯ ಪಕ್ಕಕ್ಕೆ ಒಂದು ಪಟ್ಟಿ ಇಟ್ಟ. ಉದ್ದ ಸರಿಯಿತ್ತು, ಕಚ್ಚು ನನ್ನ ಅರಿಶಿನದ ಗುರುತಿನಿಂದ ಸ್ವಲ್ಪ ಆಚೆ ಹೋಯಿತು. ಅದು ಈಗಿನ ಕಾಲದ್ದು, ಡಿಡಿಆರ್ ನಾಲ್ಕು ಎಂದ. ಇನ್ನೊಂದು ಇಟ್ಟ, ಡಿಡಿಆರ್ ಮೂರು. ಅದರ ಕಚ್ಚು ಅರಿಶಿನದ ಮೇಲೆಯೇ ಕೂತಿತು. ಅವನು ಕಡ್ಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಈ ಸಲ ನಗಲಿಲ್ಲ. ನಾನು ಮಹಾರಾಣಿಯ ಹಾಗೆ ಮನೆಗೆ ಬಂದೆ.

ಸೊಸೆ ಹೊಲಿದ ರವಿಕೆಗಳನ್ನು ಕೊಡಲು ಹೋಗಿದ್ದಳು. ನೀನು ಹೇಳಿದ್ದ ಹಾಗೆ ಪ್ಲಗ್ ಕಿತ್ತು, ಮೈಯಲ್ಲಿನ ಕರೆಂಟು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳು ಮುಟ್ಟಿ, ಹೊಸ ಪಟ್ಟಿಯನ್ನು ಸಂದಿಗೆ ಒತ್ತಿದೆ. ಎರಡು ಕೊಕ್ಕೆಯೂ ಟಕ್ಕೆಂದು ಕೂತವು. ಸ್ವಿಚ್ ಹಾಕಿದರೆ ಪರದೆ ಕಪ್ಪು. ಒಳಗಿನಿಂದ ಕೀ... ಕೀ... ಕೀ... ಎಂಬ ಕೂಗು. ಆರಿಸಿದೆ, ಹಾಕಿದೆ, ಮತ್ತೆ ಅದೇ ಕೂಗು. ಅದೇ ಹೊತ್ತಿಗೆ ಸೊಸೆ ಮೆಟ್ಟಿಲು ಹತ್ತಿ ಬಂದು, ಅದೇನು ಸದ್ದು ಎಂದು ಕೇಳಿದಳು. ಪಕ್ಕದ ಮನೆಯವರು ಕಾರು ಹಿಂದಕ್ಕೆ ತೆಗೆಯುತ್ತಿದ್ದಾರೆ ಎಂದೆ. ಪಕ್ಕದ ಮನೆಯಲ್ಲಿ ಕಾರಿಲ್ಲ. ಅವಳು ನನ್ನನ್ನೂ ನನ್ನ ಹಿಂದೆ ತಗಡು ಬಿಚ್ಚಿದ ಪೆಟ್ಟಿಗೆಯನ್ನೂ ನೋಡಿ ಕೈಕಾಲು ತೊಳೆಯಲು ಹೋದಳು.

ಹೊಸದನ್ನು ತೆಗೆದರೆ ಪೆಟ್ಟಿಗೆ ಎಂದಿನಂತೆ ಎದ್ದಿತು. ಮರುದಿನ ಅಂಗಡಿಗೆ ಹೋದೆ. ಅವನು ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ತೋರಿಸಿದ, ಅಲ್ಲಿ ಚೆನ್ನಾಗಿಯೇ ನಡೆಯಿತು. ಪಟ್ಟಿಯಲ್ಲಿ ದೋಷವಿಲ್ಲ, ಪಟ್ಟಿ ಕೂರುವ ನಿಮ್ಮ ಬೋರ್ಡು ತೀರಾ ಹಳೆಯದು, ಅದಕ್ಕೆ ಇದು ಒಗ್ಗುತ್ತಿಲ್ಲ ಎಂದು ತಗಾದೆ ಇಲ್ಲದೆ ವಾಪಸು ತೆಗೆದುಕೊಂಡ. ಕಡ್ಡಿ ಸಾಲದು, ಒಳಗಿರುವ ಪಟ್ಟಿಯನ್ನೇ ಕಿತ್ತು ತೋರಿಸಬೇಕು ಎಂದ. ಅಂಥ ಹಳೆಯದು ನರಸೀಪುರದ ಬಸ್ ನಿಲ್ದಾಣದ ಹಿಂದೆ ಹಳೆ ಕಂಪ್ಯೂಟರ್ ಬಿಡಿಭಾಗ ಮಾರುವವರ ಹತ್ತಿರ ಸಿಗಬಹುದು ಎಂದೂ ಹೇಳಿದ. ನರಸೀಪುರ ಎಂದ ಕೂಡಲೇ ನನ್ನ ಎದೆ ಸ್ವಲ್ಪ ಕುಗ್ಗಿತು. ಅಲ್ಲಿ ನಿಮ್ಮ ದೊಡ್ಡಜ್ಜಿ ಇದ್ದಾರಲ್ಲ.

ದೊಡ್ಡಜ್ಜಿ ತಾತನ ಅಕ್ಕ, ನನಗೆ ಅತ್ತಿಗೆ. ಅವರಿಗೆ ಇಸ್ಪೀಟೆಂದರೆ ಆಗದು. ಹಿಂದೆ ನಿಮ್ಮ ಮಾವ ಕಾಲೇಜಿನಲ್ಲಿದ್ದಾಗ ಅವನ ಚೀಲದಲ್ಲಿ ಒಂದು ಕಟ್ಟು ಎಲೆ ಸಿಕ್ಕಿದ್ದಕ್ಕೆ, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೊಳೆಗೆ ಎಸೆದು, ಮುಳುಗುವ ತನಕ ನಿಂತು ನೋಡಿ ಬಂದವರು. ಅವರನ್ನು ನೋಡದೆ ನರಸೀಪುರಕ್ಕೆ ಹೋಗಿ ಬಂದರೆ, ಬಸ್ಸಿನಲ್ಲಿ ನನ್ನನ್ನು ಕಂಡ ಯಾರಾದರೂ ಹೇಳಿಯೇ ಹೇಳುತ್ತಾರೆ. ಸರಿ, ಒಂದು ಚಿಪ್ಪು ರಸಬಾಳೆ ಕೊಂಡೆ. ಪೆಟ್ಟಿಗೆಯ ಪಟ್ಟಿಯನ್ನು ಉಸಿರು ಬಿಗಿಹಿಡಿದು ಕಿತ್ತೆ. ಅದನ್ನು ರವಿಕೆಯ ಖಣದಲ್ಲಿ ಸುತ್ತಿ ಎಲೆಅಡಿಕೆ ಸಂಚಿಯಲ್ಲಿಟ್ಟೆ. ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳುವಷ್ಟು ಹೊತ್ತೂ ಸಂಚಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದವಳು ಅದರಲ್ಲಿ ಚಿನ್ನವಿದೆ ಎಂದುಕೊಂಡಿರಬೇಕು, ಇಳಿಯುವ ತನಕ ಅದರಿಂದ ಕಣ್ಣು ತೆಗೆಯಲಿಲ್ಲ.

ಅತ್ತಿಗೆಗೆ ವಿಷಯ ಹೇಳಿದರೆ ನಾನೂ ಬರುತ್ತೇನೆ ಎಂದು ಚಪ್ಪಲಿ ಮೆಟ್ಟಿ ಮುಂದೆ ನಡೆದೇಬಿಟ್ಟರು. ಅಂಗಡಿಯವನು ನಡುವಯಸ್ಸಿನವನು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ. ನಾನು ಸಂಚಿ ಬಿಚ್ಚುವ ಮೊದಲೇ ಅತ್ತಿಗೆ ಶುರು ಮಾಡಿದರು.

"ನೋಡಪ್ಪ, ಇವ್ಳು ನನ್ ತಮ್ಮನ ಎಂಡ್ತಿ. ಬಾಯಿಲ್ಲ ಪಾಪ. ಅದೇನ್ ಯೋಳ್ಬೇಕೋ ನನ್ ಕೂಡೆ ಯೋಳು. ದ್ಯಾವ್ರ ಆಡು ಕೇಳ್ತಾಳೆ, ಅದು ನಿಂತ್ ನಿಂತ್ ಬತ್ತದಂತೆ."

ಅವನು ನನ್ನ ಪಟ್ಟಿಯನ್ನು ಮಗುಚಿ ಎರಡು ಮೈಯನ್ನೂ ನೋಡಿದ. ಕಪ್ಪು ಬಿಲ್ಲೆಗಳು ಎರಡೂ ಕಡೆ ಸಾಲಾಗಿ ಇದ್ದವು. ನಂಜನಗೂಡಿನವನು ಕೊಟ್ಟಿದ್ದರಲ್ಲಿ ಒಂದೇ ಕಡೆ ಬಿಲ್ಲೆ ಇದ್ದದ್ದು ನನಗೆ ಆಗ ಹೊಳೆಯಿತು. ಹೊಸ ಪಟ್ಟಿಯ ಒಂದೊಂದು ಬಿಲ್ಲೆಯಲ್ಲೂ ಹೆಚ್ಚು ತುಂಬಿರುತ್ತಾರೆ, ಇಂಥ ಹಳೆಯ ಬೋರ್ಡಿಗೆ ಅಷ್ಟು ದೊಡ್ಡ ಬಿಲ್ಲೆಯ ಲೆಕ್ಕ ಹತ್ತುವುದಿಲ್ಲ, ಸಣ್ಣ ಬಿಲ್ಲೆಗಳು ಎರಡೂ ಕಡೆ ಇರುವುದೇ ಆಗಬೇಕು ಎಂದು ಅವನು ನಿಧಾನವಾಗಿ ಹೇಳಿದ. ಕಡ್ಡಿಯಲ್ಲಿ ಉದ್ದ ಅಳೆದಿದ್ದೆ, ಕಚ್ಚು ಅಳೆದಿದ್ದೆ, ಮಗುಚಿ ನೋಡಿರಲಿಲ್ಲ. ಸೀರೆಯ ಒಂದೇ ಅಂಚು ನೋಡಿ ಕೊಂಡ ಹಾಗಾಗಿತ್ತು. ತುಂಬಾ ದೊಡ್ಡದೂ ಬೇಡ, ಇದರ ವಿಂಡೋಸ್ ಹಳೆಯದು, ಹೆಚ್ಚು ಹಾಕಿದರೂ ಅದರ ಕಣ್ಣಿಗೆ ಬೀಳುವುದಿಲ್ಲ, ಇರುವಷ್ಟೇ ಇನ್ನೊಂದು ಹಾಕಿದರೆ ಸಾಕು ಎಂದು ಸ್ಟೀಲ್ ಡಬ್ಬಿಯಿಂದ ಒಂದು ಹಳೆಯ ಪಟ್ಟಿ ಹುಡುಕಿ ತೆಗೆದ.

ಅತ್ತಿಗೆ ಅದನ್ನು ಕಸಿದುಕೊಂಡರು. ಕೆಳಗೆ ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವಲ್ಲ, ಮುಡುಕುತೊರೆಯ ದನದ ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ನೋಡುವವರ ಹಾಗೆ ಅವನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದರು.

"ಅಲ್ಲು ಸವ್ದೋಗದೆ ಕಣಪ್ಪ. ಇದು ಮುದಿ ಎತ್ತು. ಇದ್ಕೆ ನೀನು ಬೆಲೆ ಯೋಳ್ತೀಯಾ?"

"ಅಮ್ಮ, ನಿಮ್ಮನೇಲಿರೋದೂ ಮುದಿ ಎತ್ತೇ. ಪಕ್ಕದಲ್ಲಿ ಕರೂನ ಕಟ್ಟುದ್ರೆ ನೊಗ ಎಳೀತದಾ? ಜೋಡಿ ಸಮ ಇರ್ಬೇಕು."

ಅತ್ತಿಗೆಗೆ ಮಾತು ಕಟ್ಟಿಹೋದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ನೋಡಿ ಸುಖಪಡುವಷ್ಟರಲ್ಲಿ ಅವನು ನನ್ನ ಕಡೆ ತಿರುಗಿದ.

"ಆದ್ರೂ ಒಂದ್ ಮಾತು. ಬರೀ ಹಾಡು ಅಂದ್ರೆ ಈಗಿರೋದೇ ಸಾಕಲ್ಲಮ್ಮ. ಹಾಡಿನ್ ಜೊತೇಲಿ ಇನ್ನೇನ್ ತೆಗೀತೀರಾ?"

ಅವನು ಕೇಳಿದ್ದರಲ್ಲಿ ತಪ್ಪಿಲ್ಲ, ವೈದ್ಯರು ಏನು ಉಂಡೆ ಎಂದು ಕೇಳುವ ಹಾಗೆ ಕೇಳಿದ. ಆದರೆ ಅತ್ತಿಗೆಯ ತಲೆ ಮೆಲ್ಲಗೆ ನನ್ನ ಕಡೆ ತಿರುಗಿತು. ಹೊಳೆಯಲ್ಲಿ ಮುಳುಗುತ್ತಿದ್ದ ಆ ಎಲೆಗಳ ಕಟ್ಟು ಕಣ್ಣ ಮುಂದೆ ಬಂತು. ಈಗ ಪೆಟ್ಟಿಗೆಯೇ ಹೊಳೆಗೆ ಹೋಗುತ್ತದೆ ಎಂದುಕೊಂಡೆ.

"ಬರೀತೀನಿ" ಎಂದೆ. "ಮೊಮ್ಮಕ್ಳಿಗೆ. ನಮ್ಮ ಕಾಲದ್ದು."

ಎಲ್ಲಿಂದ ಬಂತೋ ಆ ಮಾತು, ನನಗೆ ಗೊತ್ತಿಲ್ಲ. ಅಂಗಡಿಯವನು ಹಾಗಾದರೆ ಸರಿ ಎಂದು ತಲೆಯಾಡಿಸಿದ. ಅತ್ತಿಗೆ ಗಲ್ಲದ ಮೇಲೆ ಬೆರಳಿಟ್ಟರು.

"ಮಾತಾಡಕ್ ಬಾಯಿಲ್ದೋಳು ಪುಸ್ತಕ ಬರೀತಾಳಂತೆ ನೋಡಪ್ಪ." ಆಮೇಲೆ ದನಿ ತಗ್ಗಿಸಿ ನನ್ನ ಕಿವಿಗೆ, "ನನ್ ಇಸ್ಯಾನೂ ಬರ್ದಿದ್ದೀಯೇನೇ?"

ಹೂಂ ಎಂದೆ. ಇನ್ನೇನು ಹೇಳಲಿ. ನೆಟ್ಟಗೆ ಬರಿ ಎಂದು ಹೇಳಿ, ದಾರಿಯುದ್ದಕ್ಕೂ ತಾವು ಹುಡುಗಿಯಾಗಿದ್ದಾಗ ಎಷ್ಟು ಉದ್ದ ಜಡೆ ಇತ್ತು, ಹೊಳೆಯನ್ನು ಹೇಗೆ ಈಜಿ ದಾಟುತ್ತಿದ್ದರು ಎಂದು ಬರೆಯಬೇಕಾದದ್ದನ್ನೆಲ್ಲ ಒಪ್ಪಿಸಿದರು.

ಮನೆಗೆ ಬಂದು ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿ ಕೂರಿಸಿದೆ. ಸ್ವಿಚ್ ಹಾಕಿದರೆ ಕೂಗಲಿಲ್ಲ. ಪರದೆಯಲ್ಲಿ ಬೆಳಕು ಬಂತು. ಹಾಡು ಹಾಕಿದೆ, ಇಸ್ಪೀಟು ತೆಗೆದೆ, ರಾಣಿಯನ್ನು ಎಳೆದೆ. ಹಾಡು ಒಂದು ಕಡೆಯೂ ಮುಗ್ಗರಿಸಲಿಲ್ಲ. ಭಾನುವಾರ ಟೀವಿ ಬಂತು, ಎಕ್ಸ್‌ಚೇಂಜಿಗೆ ಕೆಟ್ಟುಹೋದ ಗ್ರೈಂಡರ್ ಹೋಯಿತು. ಪೆಟ್ಟಿಗೆ ಉಳಿಯಿತು.

ಇಲ್ಲಿಗೆ ನನ್ನ ಸಂತೋಷ ಪೂರ್ತಿಯಾಗಬೇಕಿತ್ತು. ಆದರೆ ಮಕ್ಕಳೇ, ಹಾಡು ನಿಲ್ಲದೆ ಹೋದರೆ ಯಾರೂ ಬಾಗಿಲಿಗೆ ಬರುವುದಿಲ್ಲ. ಹಿಟ್ಟಿನ ಕೈ ಇಲ್ಲ, ಯಾಕತ್ತೆ ಎನ್ನುವ ಮಾತಿಲ್ಲ. ಸೆರಗು ಹರಡುವ ಗಡಿಬಿಡಿಯಿಲ್ಲ. ಯಾರೂ ಹಿಡಿಯಲು ಬಾರದ ಕಳ್ಳಾಟದಲ್ಲಿ ಏನು ರುಚಿ. ಒಂದು ಬೆಳಿಗ್ಗೆ ಆಟ ಬೇರೆ ಸಿಕ್ಕಿಹಾಕಿಕೊಂಡಿತ್ತು, ಯಾವ ಎಲೆಯೂ ಹೋಗುತ್ತಿರಲಿಲ್ಲ. ನಾನು ಮೌಸನ್ನು ಹಾಡಿನ ಮೇಲೆ ತಂದು, ಅರ್ಧ ಸಾಲಿನಲ್ಲಿ, ನನ್ನ ಕೈಯಾರೆ ಅದನ್ನು ನಿಲ್ಲಿಸಿದೆ.

ಲಟ್ಟಣಿಗೆಯ ಸದ್ದು ನಿಂತಿತು.

"ಯಾಕತ್ತೆ, ಹಾಡು ನಿಂತೋಯ್ತು?"

ಈ ಸಲ ನಾನು ಸೆರಗು ಹರಡಲಿಲ್ಲ. ಸೊಸೆ ಬಂದು ನನ್ನ ಕುರ್ಚಿಯ ಹಿಂದೆ ನಿಂತಳು. ಕೊರಳಲ್ಲಿ ಅಳತೆಯ ಟೇಪು, ಕೈಯಲ್ಲಿ ಹಿಟ್ಟು. ಪರದೆಯ ಕಡೆಗೆ ಬಗ್ಗಿದಳು.

"ಆ ಕೆಂಪು ಒಂಬತ್ತನ್ನ ಕಪ್ಪು ಹತ್ತರ ಮೇಲೆ ಇಡಿ. ಯಾವಾಗ್ಲೂ ಅಲ್ಲೇ ಬಿಡ್ತೀರಾ ನೀವು."

ನಾನು ತಿರುಗಿ ನೋಡಿದೆ. ಅವಳು ಗದ್ದದಿಂದಲೇ ಎದುರಿನ ಗೋಡೆಯನ್ನು ತೋರಿಸಿದಳು. ರವಿಕೆ ಹೊಲಿಸಲು ಬಂದವರು ಹಾಕಿಕೊಂಡು ನೋಡಲೆಂದು ಅಲ್ಲಿ ಆಳೆತ್ತರದ ಕನ್ನಡಿ ಇದೆಯಲ್ಲ, ಅದರೊಳಗೆ ನನ್ನ ಪರದೆ, ಎಲೆಗಳು, ನಾನು, ಎಲ್ಲ ಅಡುಗೆಮನೆಯ ಬಾಗಿಲಿಗೆ ನೇರವಾಗಿ ಕಾಣುತ್ತಿತ್ತು. ನಾನು ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದ್ದೆ, ಕನ್ನಡಿ ಇರುವುದೂ ಆ ಗೋಡೆಯಲ್ಲೇ.

"ನಂಗೆ ಬೇಕು ಅಂತ ಒಂದು ಮಾತು ಹೇಳ್ತೀರೇನೋ ಅಂತ ಕಾಯ್ತಿದ್ದೆ" ಎಂದಳು. "ಅಷ್ಟು ಹೇಳೋದು ಬಿಟ್ಟು ನರಸೀಪುರದ ತನಕ ಹೋಗಿಬಂದ್ರಿ. ಪಕ್ಕದ ಮನೆಯವ್ರ ಕಾರು ಇನ್ನೂ ಹಿಂದಕ್ಕೆ ಹೋಗ್ತಾನೇ ಇದ್ಯಾ?"

ನಾನು ಒಂಬತ್ತನ್ನು ಹತ್ತರ ಮೇಲಿಟ್ಟೆ. ಅದರ ಕೆಳಗಿದ್ದ ಎಲೆ ಮಗುಚಿಕೊಂಡಿತು, ಆಟ ಬಿಡಿಸಿಕೊಂಡಿತು. ಅವಳು ಕೈ ತೊಳೆದು ಬರಲಿಲ್ಲ, ಹಾಗೇ ಮೊಣಕೈಯನ್ನು ನನ್ನ ಕುರ್ಚಿಗೆ ಊರಿ ನಿಂತಳು. ಒಲೆಯ ಮೇಲಿದ್ದ ಚಪಾತಿ ಕರಿದಾಯಿತು.

ಸಂಜೆ ನಾವಿಬ್ಬರೂ ಸೇರಿ ಮೇಜನ್ನು ಒಂದು ಪಕ್ಕಕ್ಕೆ ಸರಿಸಿದೆವು. ಹೊಲಿಗೆ ಯಂತ್ರವೂ ಅದೇ ಕಿಟಕಿಗೆ ಬಂತು. ಈಗ ಅವಳು ತುಳಿಯುತ್ತಾಳೆ, ನಾನು ಆಡುತ್ತೇನೆ, ಹಾಡು ನಡುವೆ ಹೋಗುತ್ತಿರುತ್ತದೆ. ಸೂಜಿ ನಿಂತಿತೆಂದರೆ ನನ್ನ ಆಟದಲ್ಲಿ ಏನೋ ತಪ್ಪಾಗಿದೆ ಎಂದು ಅರ್ಥ.

ಉಳಿದದ್ದು ಅತ್ತಿಗೆಯ ವಿಷಯ. ವಾರಕ್ಕೊಮ್ಮೆ ಫೋನ್ ಮಾಡಿ ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಯುಗಾದಿಗೆ ಇಲ್ಲಿಗೆ ಬಂದು ಓದಿಸಿ ಕೇಳುತ್ತಾರಂತೆ. ಅದಕ್ಕೇ ಈಗ ನಾನು ನಿಜವಾಗಿಯೂ ಬರೆಯಲು ಕೂತಿದ್ದೇನೆ. ಅವರ ಜಡೆಯ ಬಗ್ಗೆ, ಈಜಿನ ಬಗ್ಗೆ ಬೇರೆ ಹಾಳೆಗಳಲ್ಲಿ ಚೆನ್ನಾಗಿ ಬರೆದಿದ್ದೇನೆ, ಅವನ್ನು ಅವರಿಗೆ ಓದಿ ಹೇಳುತ್ತೇನೆ. ಇವು ನಿಮ್ಮವು. ಚಿನ್ನಿ, ನಿನ್ನ ಶಾಲೆಯ ಅಟ್ಲಾಸಿನ ನಡುವೆ ಇಟ್ಟುಕೋ, ಅದನ್ನು ದೊಡ್ಡಜ್ಜಿ ಬಿಡಿಸಿ ನೋಡುವುದಿಲ್ಲ. ಪುಟ್ಟು, ದೋಣಿ ಮಾಡಿ ಹೊಳೆಗೆ ಬಿಡಬೇಡ, ನಮ್ಮ ಮನೆಯ ಇಸ್ಪೀಟು ಒಂದು ಸಲ ಹೊಳೆ ಕಂಡದ್ದು ಸಾಕು. ನೀರು, ಇರುವೆ, ನರಸೀಪುರ, ಈ ಮೂರರಿಂದ ಇವನ್ನು ಜೋಪಾನ ಮಾಡಿ.